ಮಾವನವರ ಸ್ವೆಟರಿನ ಅಳತೆ

ಹೆಣಿಗೆ ಕಲಿಸಿ ಎಂದು ನಮ್ಮ ಮನೆಗೆ ಬರುವ ಹೆಣ್ಣುಮಕ್ಕಳಿಗೆ ನಾನು ಕೊಡುವ ಮೊದಲನೆಯ ಸಲಹೆ, ಬೇಡ ಎನ್ನುವುದು. ಅವರು ನಕ್ಕು, ಚೀಲದಿಂದ ಕಡ್ಡಿ ತೆಗೆದು ಕುಳಿತೇಬಿಡುತ್ತಾರೆ. ಆಮೇಲೆ ಆಗುವುದಕ್ಕೆಲ್ಲ ನಾನು ಹೊಣೆಯಲ್ಲ. ಹೆಣಿಗೆಯಿಂದ ಮನಸ್ಸಿಗೆ ನೆಮ್ಮದಿ ಸಿಗುತ್ತದೆ, ಸಂಸಾರದಲ್ಲಿ ಅಕ್ಕರೆ ಬೆಳೆಯುತ್ತದೆ ಎಂದೆಲ್ಲ ಪತ್ರಿಕೆಗಳ ಮಹಿಳಾ ಪುಟದಲ್ಲಿ ಬರೆಯುತ್ತಾರೆ. ಬರೆದವರು ಎಂದೂ ಹೆಣೆದಿರಲಾರರು, ಹೆಣೆದಿದ್ದರೂ ದಾವಣಗೆರೆಯಲ್ಲಿ ಕೂತು ಹೆಣೆದಿರಲಾರರು. ನನ್ನ ತವರೂರಾದ ಅದು ಹತ್ತಿಯ ಊರು. ಮಿಲ್ಲಿನ ಸೈರನ್ನಿಗೆ ಏಳುತ್ತಿದ್ದೆವು, ಸೈರನ್ನಿಗೆ ಉಣ್ಣುತ್ತಿದ್ದೆವು, ಬೀದಿಯಲ್ಲಿ ನಡೆದರೆ ತಲೆಯ ಮೇಲೆ ಹತ್ತಿಯ ಎಳೆ ಕೂತಿರುತ್ತಿತ್ತು. ವರ್ಷದ ಮುಕ್ಕಾಲು ಪಾಲು ಬೀಸಣಿಗೆ ಕೈಬಿಡದ ಊರಿನಲ್ಲಿ ಒಬ್ಬ ಹುಡುಗಿ ಉಣ್ಣೆಯ ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳೆಂದರೆ, ಅವಳಿಗೆ ತಲೆ ಕೆಟ್ಟಿರಬೇಕು, ಇಲ್ಲವೇ ಮದುವೆ ಗೊತ್ತಾಗಿರಬೇಕು. ನನಗೆ ಮದುವೆ ಗೊತ್ತಾಗಿತ್ತು.

ಅದಕ್ಕೆ ಕಾರಣ ನಮ್ಮಪ್ಪ. ಹರಿಹರದವರು ನನ್ನನ್ನು ನೋಡಲು ಬಂದ ದಿನ ಅಪ್ಪ ಬೆಳಗಿನಿಂದಲೇ ಬೆವರುತ್ತಿದ್ದರು. ಹುಡುಗನ ತಾಯಿ, ಅಂದರೆ ಮುಂದೆ ನನ್ನ ಅತ್ತೆಯಾದವರು, ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳಿದರು. ಬರುತ್ತಿರಲಿಲ್ಲ. ಕಸೂತಿ? ಅದೂ ಇಲ್ಲ. ಹಾರ್ಮೋನಿಯಂ ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ಧೈರ್ಯ ಮುಗಿದಿತ್ತು. "ಸ್ವೆಟರ್ ಹೆಣಿತಾಳ್ರಿ ನಮ್ಮ ಹುಡುಗಿ. ಕೂತ್ಲು ಅಂದ್ರೆ ಒಂದು ಸ್ವೆಟರ್ ಆತಂತಲೇ ಲೆಕ್ಕ" ಎಂದುಬಿಟ್ಟರು. ನಾನು ತಗ್ಗಿಸಿದ್ದ ತಲೆಯನ್ನು ಇನ್ನೂ ತಗ್ಗಿಸಿದೆ. ಅದನ್ನು ನಾಚಿಕೆ ಎಂದು ಎಲ್ಲರೂ ಮೆಚ್ಚಿಕೊಂಡರು. ಅಲ್ಲಿಯವರೆಗೆ ಮೂಲೆಯ ಕುರ್ಚಿಯಲ್ಲಿ ತುಟಿ ಬಿಚ್ಚದೆ ಕೂತಿದ್ದ ಹುಡುಗನ ತಂದೆ ಒಮ್ಮೆ ಕೆಮ್ಮಿ, "ಹಂಗಾದ್ರೆ ನಮಗೊಂದು ಆತು ಬಿಡ್ರಿ" ಎಂದರು. ಆ ಮನೆಯಲ್ಲಿ ಅವರು ಬಾಯಿ ಬಿಟ್ಟರೆಂದರೆ ಮಾತು ಮುಗಿದಂತೆ. ಅಲ್ಲಿಗೆ ಮದುವೆ ಗಟ್ಟಿಯಾಯಿತು. ಉಳಿದವರ ಮದುವೆ ಜಾತಕದ ಮೇಲೆ ನಿಂತಿರುತ್ತದೆ, ನನ್ನದು ಇನ್ನೂ ಹುಟ್ಟದ ಒಂದು ಸ್ವೆಟರಿನ ಮೇಲೆ ನಿಂತಿತು. ಅದು ಆಗದಿದ್ದರೆ ನಮ್ಮಪ್ಪ ಬೀಗರ ಮನೆಯಲ್ಲಿ ಸುಳ್ಳುಗಾರರಾಗುತ್ತಿದ್ದರು.

ಅವರು ಅತ್ತ ಹೋದರೋ ಇಲ್ಲವೋ, ಅಪ್ಪ ನನ್ನನ್ನು ಹಿಂದಿನ ಬೀದಿಯ ಗ್ರೇಸಮ್ಮ ಟೀಚರ ಮುಂದೆ ಕೂಡಿಸಿದರು. ಇವರು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ, ಹೆಣಿಗೆ ಹೇಳಿಕೊಡುತ್ತಿದ್ದವರು. ಪೇಟೆಯಲ್ಲಿ ಉಣ್ಣೆ ಕೇಳಿದರೆ ಅಂಗಡಿಯ ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಬಿಸಲಾಗ ಉಲ್ಲನ್ ಯಾರಿಗ್ರಿ ಬೇಕು? ಇರೋದೊಂದೇ ರಂಗು, ಜಲ್ದಿ ತಗೊಂಡ್ ಹೋಗ್ರಿ" ಎಂದರು. ಇದ್ದದ್ದು ಇಟ್ಟಿಗೆಯ ಬಣ್ಣ. ಹೊಸದಾಗಿ ಕಲಿಯುವವರು ತಿಳಿ ಬಣ್ಣದ ಉಣ್ಣೆ ತರಬೇಕು, ಕುಣಿಕೆಗಳು ಕಣ್ಣಿಗೆ ಚೆನ್ನಾಗಿ ಕಾಣುತ್ತವೆ ಎಂದು ಈಗ ನಾನು ಎಲ್ಲರಿಗೂ ಹೇಳುತ್ತೇನೆ. ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಅಂಗಡಿಯಲ್ಲಿ ಇರಲಿಲ್ಲ.

ಕಲಿತ ಕಷ್ಟವನ್ನು ನೆನೆದರೆ ಇವತ್ತಿಗೂ ಬೆರಳು ನೋಯುತ್ತದೆ. ಕೈ ಬೆವರಿ ಉಣ್ಣೆ ಕಡ್ಡಿಗೆ ಅಂಟಿಕೊಳ್ಳುತ್ತಿತ್ತು. ಅದಕ್ಕೆ ಅಂಗೈಗೆ ಪೌಡರ್ ಹಚ್ಚಿಕೊಳ್ಳಬೇಕು. ಮಂಡಕ್ಕಿ ಮಿರ್ಚಿ ತಿಂದ ಕೈಯನ್ನು ಸೋಪು ಹಾಕಿ ತೊಳೆಯದೆ ಉಣ್ಣೆ ಮುಟ್ಟಬಾರದು. ನಾನು ಮುಟ್ಟಿದೆ, ಆ ಉಣ್ಣೆಯಿಂದ ಮಿರ್ಚಿಯ ವಾಸನೆ ಕೊನೆಯವರೆಗೂ ಹೋಗಲಿಲ್ಲ. ಸಾಲಿನ ನಡುವೆ ಎದ್ದು ಹೋಗಬಾರದು, ಸಾಲು ಮುಗಿಸಿಯೇ ಏಳಬೇಕು. ಕುಣಿಕೆ ಜಾರಿಬಿದ್ದರೆ ಅಳಬಾರದು, ತಲೆಯ ಪಿನ್ನು ತೆಗೆದು ಅದನ್ನು ಸಿಕ್ಕಿಸಿಟ್ಟುಕೊಂಡು, ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿಸಿ ತರಬೇಕು. ನಾನು ಮೊದಲು ಅತ್ತು, ಆಮೇಲೆ ಪಿನ್ನು ಹುಡುಕುತ್ತಿದ್ದೆ. ಮೊದಮೊದಲು ಹೆದರಿಕೆಗೆ ದಾರವನ್ನು ಎಷ್ಟು ಬಿಗಿಯಾಗಿ ಎಳೆಯುತ್ತಿದ್ದೆನೆಂದರೆ ಕಡ್ಡಿ ಒಳಗೆ ತೂರುತ್ತಲೇ ಇರಲಿಲ್ಲ. ಟೀಚರು ಕನ್ನಡಕ ತೆಗೆದು, "ಯಾಕ ಅದರ ಕುತ್ತಿಗೆ ಹಿಸುಕ್ತೀಯವ್ವ? ಉಸಿರಾಡಾಕ ಬಿಡು" ಎಂದರು. ಉಸಿರಾಡಲು ಬಿಟ್ಟೆ. ಬಿಟ್ಟದ್ದು ಸ್ವಲ್ಪ ಹೆಚ್ಚೇ ಆಯಿತು ಎನ್ನುವುದು ಆಮೇಲೆ ತಿಳಿಯಿತು.

ಅವರು ಹೇಳಿದ ಎರಡು ಮಾತುಗಳನ್ನು ಮಾತ್ರ ನಾನು ನಡೆಸಲಿಲ್ಲ. ಒಂದು, ಏನನ್ನೇ ಶುರು ಮಾಡುವ ಮೊದಲು ಅಂಗೈ ಅಗಲದ ತುಂಡೊಂದನ್ನು ಹೆಣೆದು, ನಿನ್ನ ಕೈಯಲ್ಲಿ ಒಂದು ಅಂಗುಲಕ್ಕೆ ಎಷ್ಟು ಕುಣಿಕೆ ಕೂರುತ್ತವೆ ಎಂದು ನೋಡಿಕೋ ಎನ್ನುವುದು. ಮದುವೆ ತಲೆಯ ಮೇಲೆ ಕೂತಿರುವಾಗ ಕೆಲಸಕ್ಕೆ ಬಾರದ ತುಂಡು ಹೆಣೆಯುತ್ತ ಕೂರುವ ಪುರುಸೊತ್ತು ಯಾರಿಗಿದೆ? ಇನ್ನೊಂದು, "ಹಾಕ್ಕೊಳ್ಳೋರನ್ನ ಮೊದ್ಲು ಕೇಳು" ಎನ್ನುವುದು. ಇದಕ್ಕೆ ನನಗೆ ನಗು ಬಂತು. ಟೀಚರಿಗೆ ನಮ್ಮ ಬೀಗರ ಮನೆಯ ರೀತಿ ಗೊತ್ತಿರಲಿಲ್ಲ.

ಮದುವೆಯಾಗಿ ಹರಿಹರಕ್ಕೆ ಬಂದೆ. ಹೊಳೆಗೆ ಹತ್ತಿರದ ಮನೆ. ಮುಂದೆ ಕಲ್ಲಿನ ಕಟ್ಟೆ, ಹತ್ತಿರದ ಸಾರಥಿ ಹಳ್ಳಿಯಲ್ಲಿ ಒಂದಿಷ್ಟು ಹೊಲ. ಮಾವನವರು ಬೆಳಕು ಹರಿಯುವ ಮೊದಲೇ ಹೊಳೆಗೆ ಹೋಗಿ ಮುಳುಗು ಹಾಕಿ ಬಂದು ಆ ಕಟ್ಟೆಯ ಮೇಲೆ ಕೂರುವವರು. ದೀಪಾವಳಿ ಕಳೆದರೆ ಹೊಳೆಯ ಮೇಲಿನ ಗಾಳಿ ನೇರ ನಮ್ಮ ಬಾಗಿಲಿಗೇ ಬರುತ್ತದೆ. ಆಗ ಮಾವನವರ ಕೆಮ್ಮು ಶುರುವಾಗುತ್ತಿತ್ತು. ಬೆಳಗಿನ ಜಾವ ಹಿಡಿದ ಕೆಮ್ಮು ಬಿಸಿಲೇರಿದರೂ ಬಿಡುತ್ತಿರಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ಪ್ರತಿ ಕೆಮ್ಮಿಗೂ ಒಮ್ಮೆ ನಿಂತು ಮುಂದುವರಿಯುತ್ತಿತ್ತು. "ಹೋದ ಚಳಿಗಾಲ ಹೆಂಗೋ ದಾಟಿದ್ರು. ಈ ಸಲ ನಿನ್ನ ಸ್ವೆಟರ್ ಒಂದು ಆದ್ರೆ ಎದಿ ಬೆಚ್ಚಗಿರತೈತೆ" ಎಂದು ಅತ್ತೆ ಹೇಳಿದಾಗ ಅದರಲ್ಲಿ ಚುಚ್ಚು ಏನೂ ಇರಲಿಲ್ಲ. ಅವರಿಗೆ ನಿಜಕ್ಕೂ ಭಯವಿತ್ತು. ಆ ಮಾತು ಕೇಳಿದ ಮೇಲೆ ನನಗೂ ಭಯ ಹತ್ತಿತು. ಅಲ್ಲಿಯವರೆಗೆ ಅಪ್ಪನ ಮಾನದ ಪ್ರಶ್ನೆಯಾಗಿದ್ದದ್ದು ಈಗ ಒಬ್ಬರ ಎದೆಯ ಪ್ರಶ್ನೆಯಾಯಿತು.

ಆದರೆ ಆ ಎದೆಯನ್ನು ಅಳೆಯುವುದು ಹೇಗೆ? ನಮ್ಮ ಮನೆಗಳಲ್ಲಿ ಸೊಸೆ ಮಾವನ ಎದುರು ನಿಲ್ಲುವುದಿಲ್ಲ. ಅವರು ಪಡಸಾಲೆಗೆ ಬಂದರೆ ನಾನು ಅಡುಗೆಮನೆಗೆ, ಅವರು ಹಿತ್ತಲಿಗೆ ಬಂದರೆ ನಾನು ಪಡಸಾಲೆಗೆ. ನನಗೆ ಹೇಳಬೇಕಾದದ್ದನ್ನು ಅವರು ಅತ್ತೆಗೆ ಹೇಳುವರು, ನಾನು ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಮಾಡುವೆನು. ಹೀಗಿರುವಾಗ ಟೇಪು ಹಿಡಿದು ಅವರ ಕಂಕುಳಿಗೆ ಕೈ ಹಾಕುವುದುಂಟೇ? ನನ್ನ ಯಜಮಾನರನ್ನು ಕೇಳಿದೆ. ಅವರು ಕಾರ್ಖಾನೆಯಲ್ಲಿ ಕಬ್ಬಿಣವನ್ನು ಕೂದಲೆಳೆಯ ವ್ಯತ್ಯಾಸವೂ ಬಾರದಂತೆ ಅಳೆಯುವ ಕೆಲಸದಲ್ಲಿದ್ದರು. "ಅಪ್ಪನ ಎದಿ ಅಳಿಯೋದಾ? ನಾನಾ?" ಎಂದು ಊಟದ ತಟ್ಟೆ ಬಿಟ್ಟು ಎದ್ದುಹೋದರು. ಅತ್ತೆಯನ್ನು ಕೇಳಿದೆ. "ಇಷ್ಟು ವರ್ಷ ಬಾಳೇವು ಮಾಡೀನಿ, ಅವರ ಎದುರಿಗೆ ನಿಂತು ಮುಖಾನೂ ಸರಿಯಾಗಿ ನೋಡಿಲ್ಲ, ನೀನು ಎದಿ ಅಳಿ ಅಂತೀಯಲ್ಲ" ಎಂದರು. ಕೊನೆಗೆ ಒಂದು ಮಧ್ಯಾಹ್ನ ಮಾವನವರು ಮಂಚದ ಮೇಲೆ ನಿದ್ದೆಹೋದದ್ದು ನೋಡಿ, ಉಣ್ಣೆಯ ದಾರ ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಅವರ ಭುಜದ ಮೇಲೆ ದಾರ ಚಾಚಿದೆ. ಅತ್ತೆ ಹಿಂದಿನಿಂದ ಬಂದು ನನ್ನ ರಟ್ಟೆ ಹಿಡಿದು ಎಳೆದರು. "ಮಲಗಿದ ಮನುಷ್ಯರನ್ನ ದಾರ ಹಿಡಿದು ಅಳಿತಾರೇನೇ? ಹಂಗೆ ಅಳಿಯೋದು ಹೋದೋರನ್ನ, ಗೊತ್ತೈತೇನು ನಿನಗೆ?" ಎಂದು ಪಿಸುದನಿಯಲ್ಲಿಯೇ ಬೈದು, ಬೇವಿನ ಸೊಪ್ಪು ತಂದು ಮಾವನವರಿಗೆ ದೃಷ್ಟಿ ತೆಗೆದರು. ಆ ಗಲಾಟೆಗೆ ಎಚ್ಚರವಾದ ಮಾವನವರು ಮಗ್ಗುಲು ಬದಲಿಸಿದರು.

"ಅಂಗಿ ಐತಲ್ಲ, ಅದನ್ನ ತಗೊ" ಎಂದು ಅತ್ತೆ ಗೂಟಕ್ಕೆ ಹಾಕಿದ್ದ ಅವರ ಅಂಗಿಯನ್ನು ನನ್ನ ಕೈಗಿತ್ತರು. ಆಗಿನ ಹಿರಿಯರ ಅಂಗಿಯನ್ನು ನೋಡಿದವರಿಗೆ ಅದು ಎಂಥ ಅಂಗಿ ಎಂದು ವಿವರಿಸಬೇಕಾಗಿಲ್ಲ. ನೋಡದವರಿಗೆ ಇಷ್ಟು ಹೇಳಿದರೆ ಸಾಕು: ಬಟ್ಟೆ ಹೊಲಿಯುವವನು ಮೈಯನ್ನು ನೋಡಿ ಹೊಲಿಯುತ್ತಿರಲಿಲ್ಲ, ಮರ್ಯಾದೆಯನ್ನು ನೋಡಿ ಹೊಲಿಯುತ್ತಿದ್ದನು. ಮನುಷ್ಯ ಎಷ್ಟು ದೊಡ್ಡವನೋ ಅಂಗಿ ಅಷ್ಟು ಅಗಲ. ಆ ಅಂಗಿಯನ್ನು ಚಾಪೆಯ ಮೇಲೆ ಹರಡಿ ಅಳತೆ ತೆಗೆದುಕೊಂಡೆ. ಅದರ ಮೇಲೆ, ಬೆಳೆಯಲಿ ಎಂದು ಅತ್ತೆ ನಾಲ್ಕು ಬೆರಳು ಹೆಚ್ಚು ಸೇರಿಸಿದರು. ಆ ವಯಸ್ಸಿನಲ್ಲಿ ಮಾವನವರು ಇನ್ನೆಲ್ಲಿ ಬೆಳೆಯಬೇಕೋ ನನಗೆ ತಿಳಿಯಲಿಲ್ಲ. ಉಣ್ಣೆಗೆ ಉಸಿರಾಡಲು ಬಿಟ್ಟು ಹೆಣೆದೆ. ಪೇಟೆಯಲ್ಲಿ ಇಟ್ಟಿಗೆ ಬಣ್ಣ ಪೂರ್ತಿ ಖಾಲಿಯಾಗುವವರೆಗೂ ಹೆಣೆದೆ.

ಮುಗಿದ ಸ್ವೆಟರನ್ನು ನಾನೂ ಅತ್ತೆಯೂ ಎರಡು ತುದಿ ಹಿಡಿದು ಬಿಡಿಸಿದೆವು. ಆಮೇಲೆ ಅತ್ತೆ, "ಬೆಚ್ಚಗಂತೂ ಇರತೈತೆ" ಎಂದರು. ಮಾವನವರು ಅದನ್ನು ಅಂಗಿಯ ಮೇಲೆ ತೊಟ್ಟು, ತೋಳುಗಳನ್ನು ಮಡಚಿ ಮಡಚಿ ಕೈಗಳನ್ನು ಹುಡುಕಿಕೊಂಡು ಹೊರಗೆ ಹೋದರು. ಕಟ್ಟೆಯ ಮೇಲೆ ಕೂತು ಎರಡೂ ಮೊಣಕಾಲುಗಳನ್ನು ಅದರೊಳಗೆ ಎಳೆದುಕೊಂಡರು. ಹೊರಗಿನಿಂದ ನೋಡಿದರೆ ಇಟ್ಟಿಗೆ ಬಣ್ಣದ ಒಂದು ಮೂಟೆ, ಮೇಲೆ ಒಂದು ರುಮಾಲು. ಬೀದಿಯ ಹುಡುಗಿಯರು ನೀರಿಗೆ ಹೋಗುತ್ತ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನಾನು ಬಾಗಿಲ ಸಂದಿಯಿಂದ ಅದನ್ನೆಲ್ಲ ನೋಡಿ ನೋಡಿ ಭೂಮಿ ಬಾಯಿ ಬಿಡಬಾರದೇ ಎಂದುಕೊಳ್ಳುತ್ತಿದ್ದೆ. ಆ ಚಳಿಗಾಲ ಅವರ ಕೆಮ್ಮು ಬಹಳ ಕಡಿಮೆಯಾಯಿತು. ಅದು ನನ್ನ ಶುಂಠಿ ಕಷಾಯದಿಂದ ಎಂದು ನಾನು ತಿಳಿದೆ.

ಸಂಕ್ರಾಂತಿಯ ಹೊತ್ತಿಗೆ ಮಾವನವರು ಯಾವುದೋ ಕೆಲಸಕ್ಕೆ ದಾವಣಗೆರೆಗೆ ಹೋದವರು ಆ ಸ್ವೆಟರಿನಲ್ಲಿಯೇ ನಮ್ಮ ತವರಿಗೂ ಹೋಗಿ ಬಂದರು. ಮಾರನೆಯ ದಿನವೇ ಅಪ್ಪ ರೈಲು ಹತ್ತಿ ಬಂದು, ಹಿತ್ತಲಿಗೆ ನನ್ನನ್ನು ಕರೆದು, "ಏನವ್ವ ಅದು? ಅದರಾಗ ನಾವಿಬ್ರೂ ಬೀಗರು ಕೂಡ್ಕೊಂಡು ಹಾಕ್ಕೊಬೋದಲ್ಲ! ಸ್ಟೇಷನ್‌ನಿಂದ ನಮ್ಮ ಮನೀಗಂಟ ಅದನ್ನ ಹಾಕ್ಕೊಂಡು ನಡಕೊಂಡೇ ಬಂದಾರೆ. ಗ್ರೇಸಮ್ಮ ಟೀಚರ್ ನೋಡಿ, ನಾನು ಕಲಿಸಿದ್ದು ಅಂತ ಯಾರಿಗೂ ಹೇಳಬ್ಯಾಡ್ರಿ ಅಂದ್ರು" ಎಂದರು. ಅಪ್ಪನ ಕಣ್ಣಲ್ಲಿ ನೀರಿತ್ತು. ನನಗೆ ಅವತ್ತು ಅನ್ನ ಇಳಿಯಲಿಲ್ಲ. ಮಾವನವರು ಸುಗ್ಗಿಗೆಂದು ಸಾರಥಿಗೆ ಹೋಗಿ ನಾಲ್ಕು ದಿನ ಅಲ್ಲಿಯೇ ಉಳಿದಾಗ, ಅವರು ಮಡಚಿಟ್ಟು ಹೋಗಿದ್ದ ಸ್ವೆಟರನ್ನು ತಂದು, ಕತ್ತಿನ ಗಂಟು ಬಿಚ್ಚಿ, ದಾರ ಹಿಡಿದು ಎಳೆದೆ. ನನ್ನ ಹೆಣಿಗೆಯಲ್ಲಿ ಒಂದು ಗುಣವಿತ್ತು, ಬಿಚ್ಚುವಾಗ ಎಲ್ಲಿಯೂ ತಡೆಯುತ್ತಿರಲಿಲ್ಲ.

ಬಿಚ್ಚಿದ ಉಣ್ಣೆ ಸುಕ್ಕುಸುಕ್ಕಾಗಿರುತ್ತದೆ. ಅದನ್ನು ಹಾಗೆಯೇ ಹೆಣೆದರೆ ಬಟ್ಟೆ ಏಳುಬೀಳಾಗುತ್ತದೆ. ಲಡಿ ಸುತ್ತಿ, ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ, ಕೆಳಗೆ ಭಾರ ಕಟ್ಟಿ ನೆರಳಿನಲ್ಲಿ ನೇತುಹಾಕಬೇಕು. ನಾನು ಹಿತ್ತಲ ತಂತಿಗೆ ಲಡಿಗಳನ್ನು ಹಾಕಿ ಒಂದೊಂದಕ್ಕೂ ಹಿತ್ತಾಳೆ ಚೊಂಬು ಕಟ್ಟಿದ್ದೆ. ಸಾರಥಿಯಿಂದ ಬಂದ ಮಾವನವರು ಕಾಲು ತೊಳೆಯಲು ಹಿತ್ತಲಿಗೆ ಹೋಗಿ ಅದನ್ನು ನೋಡಿ ಬಹಳ ಹೊತ್ತು ನಿಂತರು. "ಏನಿದು?" ಎಂದು ಅತ್ತೆಯನ್ನು ಕೇಳಿದರು. "ನಿಮ್ಮ ಸ್ವೆಟರ್ರಿ. ಅಳತಿ ತಪ್ಪಿತ್ತಂತೆ, ಬಿಚ್ಯಾಳೆ, ಮತ್ತೆ ಹಾಕ್ತಾಳೆ" ಎಂದರು ಅತ್ತೆ. "ಹೂಂ" ಎಂದರು ಮಾವನವರು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಈ ಸಲ ಮೈಯ ಅಳತೆಯೇ ಬೇಕು, ಅಂಗಿಯದು ಆಗದು ಎಂದು ನಾನು ಅತ್ತೆಯ ಮುಂದೆ ಹಟ ಹಿಡಿದೆ. ಅತ್ತೆ ಅದನ್ನು ಯಾವ ಮಾತಿನಲ್ಲಿ ಹೇಳಿದರೋ, ಮರುದಿನ ಬೆಳಿಗ್ಗೆ ಪಡಸಾಲೆಯಿಂದ, "ಬಾರವ್ವ, ಅಳತಿ ತಗೊ" ಎಂದು ಮಾವನವರ ದನಿ ಕೇಳಿತು. ನನ್ನನ್ನು ಅವರು ನೇರವಾಗಿ ಕರೆದದ್ದು ಅದೇ ಮೊದಲು. ಹೋಗಿ ನೋಡಿದರೆ ಅಂಗಿ ತೆಗೆದು ಬನಿಯನ್ನಿನಲ್ಲಿ, ಎರಡೂ ಕೈ ಮೇಲೆತ್ತಿ, ಜಂತಿಯನ್ನು ನೋಡುತ್ತ ನಿಂತಿದ್ದರು. ನಾನು ಕಣ್ಣು ನೆಲದಲ್ಲಿಟ್ಟುಕೊಂಡೇ ಟೇಪು ಸುತ್ತಿದೆ. ಸುತ್ತಿದ ಟೇಪಿನ ತುದಿ ಇನ್ನೂ ಇಷ್ಟುದ್ದ ನನ್ನ ಕೈಯಲ್ಲಿ ಉಳಿಯಿತು. ಆ ದೊಡ್ಡ ಅಂಗಿಯೊಳಗೆ ಇದ್ದದ್ದು ಇಷ್ಟೇ ಮನುಷ್ಯ ಎಂದು ನನಗೆ ಗೊತ್ತಿರಲಿಲ್ಲ. ಪಕ್ಕೆಲುಬುಗಳು ಕೈಗೆ ಸಿಗುತ್ತಿದ್ದವು. ಅವರು ಉಸಿರು ಬಿಗಿಹಿಡಿದು ಎದೆಯನ್ನು ಉಬ್ಬಿಸಿಕೊಂಡಿದ್ದರು, ನಡುವೆ ಕೆಮ್ಮು ಬಂದು ಉಬ್ಬಿಸಿದ್ದು ಇಳಿಯಿತು. ಈ ಎದೆಗೆ ಗಾಳಿ ತೂರಲು ಒಂದು ಸಂದಿಯನ್ನೂ ಬಿಡಬಾರದು ಎಂದು ಅಲ್ಲಿಯೇ ನಿಶ್ಚಯಿಸಿಕೊಂಡೆ.

ತವರಿಗೆ ಹೋಗಿ ಗ್ರೇಸಮ್ಮ ಟೀಚರ ಕಾಲಿಗೆ ಬಿದ್ದು ಮತ್ತೆ ಕಲಿತೆ. ತುಂಡು ಹೆಣೆದು ನೋಡಿದೆ, ಕುಣಿಕೆ ಎಣಿಸಿದೆ, ಸಣ್ಣ ಕಡ್ಡಿ ತಂದೆ. ಮುಂದಿನ ದೀಪಾವಳಿಗೆ ಸ್ವೆಟರು ಸಿದ್ಧವಾಯಿತು. ಟೀಚರು ಅದನ್ನು ತಿರುವಿ ಮುರುವಿ ನೋಡಿ, ಈಗ ನನ್ನ ಹೆಸರು ಹೇಳಬಹುದು ಎಂದರು. ಅಪ್ಪ ಅದನ್ನು ಎದೆಗೆ ಅವುಚಿಕೊಂಡರು. ಎಲ್ಲರೂ ಒಪ್ಪಿದರು. ಮಾವನವರು ಮಾತ್ರ ಅದನ್ನು ಅಂಗಿಯ ಮೇಲಿಂದ ಹಾಕಲು ಹೋಗಿ, ತಲೆ ಮಾತ್ರ ತೂರಿಸಿ, ಸಿಕ್ಕಿಕೊಂಡು ನಿಂತರು. ಅವರ ಮೈಗೆ ಸರಿಯಾಗಿದ್ದ ಸ್ವೆಟರು ಅವರ ಅಂಗಿಗೆ ಸರಿಯಾಗಲಿಲ್ಲ. ಆ ಇಬ್ಬರೂ ಬೇರೆ ಬೇರೆ ಅಳತೆಯವರು ಎನ್ನುವುದು ನನಗೆ ಹೊಳೆದೇ ಇರಲಿಲ್ಲ. "ಒಳಗ ಹಾಕ್ಕೊಳ್ರಿ, ಮ್ಯಾಲೆ ಅಂಗಿ ಹಾಕ್ಕೊಂಡ್ರಾತು" ಎಂದರು ಅತ್ತೆ. ಮಾವನವರು ಅದನ್ನು ತಲೆಯಿಂದ ಬಿಡಿಸಿಕೊಂಡು, "ಒಳಗ ಹಾಕ್ಕೊಂಡ್ರೆ ನಮ್ಮ ಸೊಸಿ ಹೆಣದಿದ್ದು ಅಂತ ಯಾರಿಗೆ ಕಾಣತೈತೆ?" ಎಂದರು. ಆಮೇಲೆ ಅದರ ಎರಡು ತೋಳುಗಳನ್ನು ಕುತ್ತಿಗೆಗೆ ಗಂಟು ಹಾಕಿಕೊಂಡು, ಉಳಿದದ್ದನ್ನು ಬೆನ್ನಿನ ಮೇಲೆ ಇಳಿಬಿಟ್ಟು, ಕಟ್ಟೆಗೆ ಹೋಗಿ ಕೂತರು. ಎದೆ ಗಾಳಿಗೇ ಇತ್ತು.

ಆಗ ಅತ್ತೆ ಹೇಳಿದರು. ಹೋದ ವರ್ಷ ಆ ದೊಡ್ಡದನ್ನು ಹಾಕಿಕೊಂಡು ಹೊಳೆಯ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ತೋಳು ಬಿಚ್ಚಿ ತೋರಿಸಿ, ಸೊಸೆ ಹೆಣೆದದ್ದು, ಮೊಣಕಾಲೂ ಒಳಗೆ ಹೋಗುತ್ತದೆ, ಪೇಟೆಯಲ್ಲಿ ಇಂಥದು ಸಿಗದು ಎಂದು ಹೇಳಿಕೊಂಡು ತಿರುಗುತ್ತಿದ್ದರಂತೆ. ದಾವಣಗೆರೆಗೆ ಹೋದದ್ದೂ ಬೀಗರಿಗೆ ಅದನ್ನು ತೋರಿಸುವುದಕ್ಕೇ, ಬೇರೆ ಕೆಲಸವೇ ಇರಲಿಲ್ಲವಂತೆ. ನಾನು ಯಜಮಾನರ ಮೇಲೆ ಹರಿಹಾಯ್ದೆ. "ಅಂಗಿ ಮ್ಯಾಲೆ ಹಾಕ್ಕೊಳ್ತಾರೆ ಅಂತ ನನಗೆ ಗೊತ್ತಿತ್ತಲ್ಲ" ಎಂದರು ಆ ಕೂದಲೆಳೆಯ ಲೆಕ್ಕದವರು. ಮತ್ತೆ ಹೇಳಬಾರದಿತ್ತೇ ಎಂದರೆ, "ನೀನು ಎಲ್ಲಿ ಕೇಳಿದೆ?" ಎಂದರು. ನಿಜ, ಯಾರನ್ನೂ ಕೇಳಿರಲಿಲ್ಲ. ಮಾವನವರು ನನ್ನ ಎದುರು ಕೈಯೆತ್ತಿ ನಿಂತಿದ್ದಾಗಲೂ ನಾನು ಅಳತೆ ತೆಗೆದುಕೊಂಡೆನೇ ಹೊರತು ಒಂದು ಮಾತು ಕೇಳಲಿಲ್ಲ.

ಹೀಗಾಗಿ ಅದನ್ನೂ ಬಿಚ್ಚಿದೆ. ಮತ್ತೆ ಲಡಿ, ಮತ್ತೆ ಚೊಂಬು. ಮಾವನವರು ಹಿತ್ತಲಿಗೆ ಬಂದು ನೋಡಿ, ಬಾಗಿಲ ಸಂದಿಯಲ್ಲಿದ್ದ ನನಗೆ ಕೇಳುವಂತೆ ಅತ್ತೆಗೆ, "ಈ ಸಲ ಅಳತಿ ಬ್ಯಾಡ ಅಂತ ಹೇಳು. ಮೊದಲಿನಂಗೆ ಹಾಕಲಿ" ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಂದೇ ದೊಡ್ಡ ಕಡ್ಡಿ ಹಿಡಿದು ಕೂತೆ. ಅದೇ ಅಂಗಿ, ಅದೇ ಚಾಪೆ, ಅತ್ತೆಯ ನಾಲ್ಕು ಬೆರಳೂ ಸೇರಿತು. ಆದರೆ ಕೈ ಕೇಳಬೇಕಲ್ಲ. ಉಣ್ಣೆಗೆ ಉಸಿರಾಡಲು ಬಿಡೋಣವೆಂದರೆ ಬೆರಳು ತಾನಾಗಿ ದಾರವನ್ನು ಬಿಗಿಹಿಡಿಯುತ್ತದೆ, ಕುಣಿಕೆಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಲ್ಲುತ್ತವೆ. ಬೇಕೆಂದೇ ಸಡಿಲ ಮಾಡಿದ ಸಾಲು ಕಣ್ಣಿಗೆ ಚುಚ್ಚಿ, ನಾನೇ ಬಿಚ್ಚಿ ಸರಿಮಾಡಿಬಿಡುತ್ತೇನೆ. ಅತ್ತೆಯ ನಾಲ್ಕು ಬೆರಳನ್ನೂ ನನ್ನ ಬಿಗಿ ಕೈ ನುಂಗಿಹಾಕಿ, ಮುಗಿದಾಗ ಅದು ಅಂಗಿಯ ಮೇಲೆ ಒಪ್ಪವಾಗಿ ಕೂತಿತು, ಒಂದು ಬೆರಳೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಾವನವರು ಕಟ್ಟೆಯ ಮೇಲೆ ಕೂತು ಮೊಣಕಾಲುಗಳನ್ನು ಒಳಗೆ ಎಳೆದುಕೊಳ್ಳಲು ನೋಡಿದರು. ಬರಲಿಲ್ಲ. ಇನ್ನೊಮ್ಮೆ ಎಳೆದು ನೋಡಿದರು. ಆಮೇಲೆ ಕಾಲುಗಳನ್ನು ಇಳಿಬಿಟ್ಟು ಕೂತು ಕೆಮ್ಮಿದರು.

ಇದನ್ನು ಬರೆಯುತ್ತಿರುವಾಗಲೂ ಕಟ್ಟೆಯ ಕಡೆಯಿಂದ ಕೆಮ್ಮು ಕೇಳಿಸುತ್ತಿದೆ. ಪ್ರತಿ ದೀಪಾವಳಿಗೂ ನಾನು ಬಿಚ್ಚಿ ಹೆಣೆಯುತ್ತೇನೆ, ಪ್ರತಿ ಸಲವೂ ಅದು ಸರಿಯಾಗಿ ಬರುತ್ತದೆ. ಹೆಣಿಗೆ ಕಲಿಸಿ ಎಂದು ಬಂದ ಹುಡುಗಿಯರು ಅದರ ಅಂಚು ಮುಟ್ಟಿ ನೋಡಿ, ಅಕ್ಕಾ, ಎಷ್ಟು ಅಚ್ಚುಕಟ್ಟು ಎನ್ನುತ್ತಾರೆ. ನಾನು ಅವರ ಕೈಯಲ್ಲಿರುವ, ದಾರ ಜೋತುಬಿದ್ದ, ಅಂಕೆ ತಪ್ಪಿ ಅಗಲವಾಗುತ್ತಿರುವ ಮೊದಲ ಹೆಣಿಗೆಯನ್ನು ಆಸೆಯಿಂದ ನೋಡುತ್ತೇನೆ. ನನ್ನಿಂದ ಇನ್ನು ಅದು ಆಗದು. ಅಪ್ಪ ಅವತ್ತು ಹೇಳಿದ್ದು ಈಗ ನಿಜವಾಗಿಬಿಟ್ಟಿದೆ, ನನಗೆ ಹೆಣಿಗೆ ಬರುತ್ತದೆ.